ಇ-ರೀಡರಿಗೂ ಬೇಕಂತೆ ನಮಸ್ಕಾರ

ಚಾಪೆಯ ಮೇಲೆ ದಪ್ಪ ಪುಸ್ತಕದ ಪಕ್ಕ ಮಲಗಿದ್ದ ಇ-ರೀಡರಿಗೆ ಹೊಟ್ಟೆಕಿಚ್ಚು. ಭಾಗೀರಥಮ್ಮನವರ ಕಾಲು ಎರಡಕ್ಕೂ ತಾಗಿದ್ದರೂ, ಪುಸ್ತಕವನ್ನು ಮಾತ್ರ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರು.

"ಅಣ್ಣಾ, ನಾನು ಹಗುರ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಲ್ಲೆ, ಹೊಟ್ಟೆಯಲ್ಲಿ ಸಾವಿರ ಪುಸ್ತಕಗಳಿವೆ. ನನಗೇಕಿಲ್ಲ ನಮಸ್ಕಾರ?"

"ಬಂದೀತು, ಸುಮ್ಮನಿರು," ಎಂದಿತು ಪುಸ್ತಕ.

ಅಷ್ಟರಲ್ಲಿ ಭಾಗೀರಥಮ್ಮನವರಿಗೂ ಹೊಳೆಯಿತು. "ಅಯ್ಯೋ, ಇದರೊಳಗೂ ಸರಸ್ವತಿ ಇದ್ದಾಳಲ್ಲ!" ಎನ್ನುತ್ತ ಅದನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಟ್ಟಿದಾಗಲೆಲ್ಲ ಇ-ರೀಡರು ಪುಳಕಗೊಂಡು ಒಂದೊಂದು ಪುಟ ಮಗುಚಿತು. ಅವರು ಓದುತ್ತಿದ್ದ, ಹತ್ತೇ ಪುಟ ಬಾಕಿಯಿದ್ದ ಪತ್ತೇದಾರಿ ಕಾದಂಬರಿ ಕೊನೆಗೆ ಬಂದು, ಕೊಲೆಗಾರ ಅಡುಗೆಭಟ್ಟನೆಂದು ಹೇಳಿಯೇಬಿಟ್ಟಿತು.

ಭಾಗೀರಥಮ್ಮನವರು ಹಣೆ ಚಚ್ಚಿಕೊಂಡು ಅದನ್ನು ಕಾಲಿನಿಂದಲೇ ಮೂಲೆಗೆ ತಳ್ಳಿದರು.

"ನಮಸ್ಕಾರ ಬೇಕಾದವರು ಮೊದಲು ಅಲುಗದೆ ಕೂರುವುದನ್ನು ಕಲಿಯಬೇಕು, ತಮ್ಮಾ," ಎಂದಿತು ಪುಸ್ತಕ.