ಯಂತ್ರದ ಕೂಗು

"ಗುರುಗಳೇ, ದಿನವೂ ತಪ್ಪದೆ ಪೂಜೆ ಮಾಡುವವನಿಗೂ ಕಷ್ಟ ಬರುತ್ತದಲ್ಲ, ಯಾಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳ ಮುಖ ಕೆಂಪೇರಿತು. "ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕತೆ ಹೇಳುತ್ತೇನೆ, ಕೇಳು" ಎಂದು ಹೇಳತೊಡಗಿದರು.

ಒಬ್ಬ ಕಂಟ್ರಾಕ್ಟರ್ ಮೂರು ಮಹಡಿಯ ಛತ್ರವೊಂದನ್ನು ಕಟ್ಟಿಸುತ್ತಿದ್ದ. ಅವನ ಬಳಿ ಕೈ ಚಾಚಿ ಭಾರ ಎತ್ತುವ ಯಂತ್ರ, ಫೋರ್ಕ್‌ಲಿಫ್ಟ್, ಇತ್ತು. ಅದರ ಕೈ ಒಂದರೊಳಗೊಂದು ತೂರಿಸಿದ ಕೊಳವೆಗಳಂತಿರುತ್ತದೆ. ಬೇಕಾದಾಗ ಮುಂದಕ್ಕೂ ಮೇಲಕ್ಕೂ ಉದ್ದವಾಗುತ್ತದೆ. ತುದಿಗೆ ಫೋರ್ಕ್ ಎಂಬ ಕಬ್ಬಿಣದ ಕವೆ ಸಿಕ್ಕಿಸಿದರೆ ಇಟ್ಟಿಗೆ ಏರಿಸುತ್ತದೆ, ಬಕೆಟ್ ಸಿಕ್ಕಿಸಿದರೆ ಮರಳು ತೋಡುತ್ತದೆ. ಹತ್ತು ಜನ ಬುಟ್ಟಿ ಹೊತ್ತು ಹತ್ತಿ ಇಳಿಯುವ ಕೆಲಸವನ್ನು ಅದೊಂದೇ ಮಾಡಿ ಮುಗಿಸುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ಮಡಚಿಕೊಂಡಿರುವಾಗ ನಾಲ್ಕು ಟನ್ ಎತ್ತುವ ಕೈ, ಪೂರ್ತಿ ಚಾಚಿದಾಗ ಒಂದು ಟನ್ನನ್ನೂ ತಾಳುವುದಿಲ್ಲ. ಭಾರ ಮೀರಿದರೆ ಯಂತ್ರವೇ ಕೂಗಿಕೊಂಡು ನಿಂತುಬಿಡುತ್ತದೆ. ಆಗದ್ದನ್ನು ಆಗದೆಂದು ಹೇಳುವ ಅಷ್ಟು ಪ್ರಾಮಾಣಿಕತೆ ನಮ್ಮ ನಿಮ್ಮಲ್ಲಿ ಎಷ್ಟು ಜನರಿಗಿದೆ ಹೇಳು.

ಆಯುಧಪೂಜೆಯ ದಿನ ಕಂಟ್ರಾಕ್ಟರ್ ಆ ಯಂತ್ರವನ್ನು ತೊಳೆಸಿದ. ಕುಂಕುಮ ಹಚ್ಚಿದ, ಹೂವಿನ ಹಾರ ಹಾಕಿದ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸಿದ, ಕುಂಬಳಕಾಯಿ ಒಡೆಸಿದ. ಅದರ ಮುಂದೆ ಉದ್ದಂಡ ಅಡ್ಡಬಿದ್ದ.

ಮರುದಿನ ಮೂರನೆಯ ಮಹಡಿಗೆ ಕಲ್ಲಿನ ಚಪ್ಪಡಿಗಳನ್ನು ಏರಿಸಬೇಕಿತ್ತು. ಗೋಡೆಯ ಪಕ್ಕ ಮರಳಿನ ರಾಶಿ ಇದ್ದುದರಿಂದ ಯಂತ್ರ ದೂರದಲ್ಲೇ ನಿಲ್ಲಬೇಕಾಯಿತು. ಕೈ ಅರ್ಧ ಚಾಚುವಷ್ಟರಲ್ಲಿ ಅದು ಕೂಗಿಕೊಂಡು ನಿಂತಿತು.

ಡ್ರೈವರ್ ಇಳಿದು ಬಂದು, "ಸಾರ್, ಇಲ್ಲಿಂದ ಆಗಲ್ಲ. ಮರಳು ಸರಿಸಿದ್ರೆ ಹತ್ರ ಹೋಗಿ ಎತ್ತಬಹುದು" ಎಂದ.

"ನಿನ್ನೆ ತಾನೇ ಪೂಜೆ ಮಾಡ್ಸಿಲ್ವೇನೋ? ಏನೂ ಆಗಲ್ಲ, ಎತ್ತು" ಎಂದ ಕಂಟ್ರಾಕ್ಟರ್.

ಆ ಕೂಗನ್ನು ನಿಲ್ಲಿಸಿ ಯಂತ್ರವನ್ನು ಮತ್ತೆ ನಡೆಸುವ ಕೀಲಿಯೊಂದಿತ್ತು. ಅದು ರಿಪೇರಿಯವರಿಗೆಂದು ಇದ್ದದ್ದು. ಕಂಟ್ರಾಕ್ಟರ್ ಅದನ್ನು ತನ್ನ ಕೈಯಾರೆ ತಿರುಗಿಸಿದ. ಥೂ! ನಿನ್ನೆ ಯಾವುದಕ್ಕೆ ಕೈಮುಗಿದನೋ ಇಂದು ಅದರದೇ ಬಾಯಿ ಮುಚ್ಚಿಸಿದ. ಕೆಳಗಿದ್ದವರಿಗೆ ದೂರ ಸರಿಯಿರಿ ಎನ್ನುವ ವ್ಯವಧಾನವೂ ಅವನಿಗಿರಲಿಲ್ಲ. ಮರಳು ಸಾಗಿಸುವ ಅರ್ಧ ದಿನ ಉಳಿಯಿತೆಂದು ಹಿಗ್ಗಿದ.

ಕೈ ಮತ್ತೆ ಚಾಚುತ್ತಿದ್ದಂತೆ ಯಂತ್ರ ಮುಂದಕ್ಕೆ ಮುಗ್ಗರಿಸಿತು. ಕೆಳಗೆ ಸಿಮೆಂಟು ಕಲಸುತ್ತಿದ್ದ ಕೂಲಿಯವನೊಬ್ಬನ ಮೇಲೆ ಚಪ್ಪಡಿಗಳು ಬಿದ್ದವು. ಆಸ್ಪತ್ರೆಯಲ್ಲಿ ಅವನ ಎರಡೂ ಕಾಲುಗಳನ್ನು ತೆಗೆದರು.

ಛತ್ರದ ಕೆಲಸ ನಿಂತಿತು. ಪೊಲೀಸರು ಬಂದು ಕಂಟ್ರಾಕ್ಟರನನ್ನು ವಿಚಾರಿಸಿದರು. ಅವನು ನೇರವಾಗಿ ಗುಡಿಗೆ ಹೋಗಿ, "ತಂದೇ, ನಿನಗೆ ನಾನೇನು ಕಡಿಮೆ ಮಾಡಿದ್ದೆ? ನನಗೇ ಯಾಕೆ ಇಂಥ ಕಷ್ಟ ಕೊಟ್ಟೆ?" ಎಂದು ಎದೆ ಬಡಿದುಕೊಂಡು ಅತ್ತ.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು.

"ಅಯ್ಯೋ ಪಾಪ! ಆಮೇಲಾದರೂ ದೇವರು ಆ ಕಂಟ್ರಾಕ್ಟರನ ಕೈ ಹಿಡಿದನೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಎದ್ದು ನಿಂತರು.

"ಕಾಲು ಹೋದವನು ಏನಾದನೆಂದು ನೀನೂ ಕೇಳಲಿಲ್ಲ."