ಎತ್ತಿದ ಕೊಂಬೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮನಸ್ಸಿನ ತಳಮಳದ ಜೊತೆ ದಿನ ಬೆಳಗಾದರೆ ಬಡಿದಾಡುತ್ತಿದ್ದೇನೆ. ಬಡಿದಷ್ಟೂ ಅದು ಹೆಚ್ಚುತ್ತಿದೆ. ನನ್ನ ಬಲ ಸಾಲದೇ?"

ಗುರು ಹೇಳಿದರು:

ಒಬ್ಬ ಅಲೆಮಾರಿ ಇದ್ದ. ಅವನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕುಲುಮೆಗೆ ಸೇರಿದ, ಬಿಟ್ಟ. ದೋಣಿಯವರ ಜೊತೆ ಹುಟ್ಟು ಹಾಕಿದ, ಅದನ್ನೂ ಬಿಟ್ಟ. 'ಇವನು ನಾಳೆ ಇರುವವನಲ್ಲ' ಎಂಬ ಮಾತು ಎಲ್ಲಿ ಹೋದರೂ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಕಾಡಿನ ಬೆಂಕಿ ಆರಿಸುವವರ ತಂಡಕ್ಕೆ ಬಂದ. ಇದನ್ನಾದರೂ ಕಲಿತು ನಿಲ್ಲಬೇಕೆಂಬ ಹಟ ಹುಟ್ಟಿತು.

ತಂಡದ ಹಿರಿಯ ಅವನ ಕೈಗೆ ಪೊರಕೆ ಕೊಟ್ಟ. ಬೇಸಿಗೆಗೆ ಮುಂಚೆ ಕಾಡಿನ ನಡುವೆ ತರಗೆಲೆ ಗುಡಿಸಿ ಬರಿ ನೆಲದ ಪಟ್ಟಿ ಬಿಡುತ್ತಾರೆ. ಬೆಂಕಿ ಅದನ್ನು ದಾಟಬಾರದು. ಅಲೆಮಾರಿ ಗುಡಿಸಿದ. ಗಾಳಿ ಮತ್ತೆ ಎಲೆ ಸುರಿಯಿತು. ಮತ್ತೆ ಗುಡಿಸಿದ.

"ಅಣ್ಣಾ, ನಾನು ಬಂದದ್ದು ಬೆಂಕಿಗೆ. ಮದುವೆ ಮನೆ ಅಂಗಳ ಗುಡಿಸೋಕಲ್ಲ."

"ಬೆಂಕಿಗೇನು, ಕರೆಯದಿದ್ದರೂ ಬರುತ್ತೆ. ಅಷ್ಟು ದಿನ ನೀನು ಇರ್ತೀಯಾ, ಅದನ್ನ ಹೇಳು."

ಉಳಿದವರು ನಕ್ಕರು. ಆ ನಗು ಅವನ ಎದೆಗೆ ನಾಟಿತು.

ಪರೀಕ್ಷೆಯ ದಿನ ಬಂತು. ಸುತ್ತ ಪಟ್ಟಿ ಗುಡಿಸಿದ ಒಂದು ತುಂಡು ಒಣಹುಲ್ಲಿನ ಜಾಗಕ್ಕೆ ಹಿರಿಯ ಕಿಡಿ ಇಟ್ಟ. ಒಬ್ಬನೇ ಆರಿಸಿದರೆ ತಂಡದವನು, ಇಲ್ಲವಾದರೆ ಬಂದ ದಾರಿ ಹಿಡಿಯಬೇಕು. ಅಲೆಮಾರಿ ಸೊಪ್ಪು ದಟ್ಟವಾಗಿದ್ದ ಹಸಿ ಕೊಂಬೆ ಮುರಿದುಕೊಂಡ. ತಲೆಯ ಮೇಲೆತ್ತಿ ಬಡಿದ. ನಕ್ಕವರ ಮುಖಗಳೆಲ್ಲ ಆ ಹುಲ್ಲಿನಲ್ಲೇ ಇದ್ದಂತೆ ಬಡಿದ. ಉರಿ ತಗ್ಗಿತು. ಗೆದ್ದೆ ಎಂದುಕೊಂಡ. ಅಷ್ಟರಲ್ಲಿ ಬೆನ್ನು ಬಿಸಿಯಾಯಿತು. ತಿರುಗಿ ನೋಡಿದರೆ, ತಾನೇ ಗುಡಿಸಿದ್ದ ಪಟ್ಟಿಯ ಆಚೆ ಹುಲ್ಲು ಹೊತ್ತಿಕೊಂಡಿತ್ತು. ಕೊಂಬೆ ಎತ್ತಿದಾಗಲೆಲ್ಲ ಸೊಪ್ಪಿಗೆ ಅಂಟಿದ ಕಿಡಿ ಹಿಂದಕ್ಕೆ ಹಾರಿತ್ತು.

ಅತ್ತ ಓಡಿ ಬಡಿದ. ಕಿಡಿ ಇತ್ತ ಹಾರಿತು. ಇತ್ತ ಓಡಿದ. ತಂಡದವರು ನಗು ಮರೆತು ಬಂದರು. ಅವರಲ್ಲಿ ಯಾರೂ ಬಡಿಯಲಿಲ್ಲ. ಕೊಂಬೆಯನ್ನು ಉರಿಯ ಅಂಚಿಗೆ ಒತ್ತಿದರು, ಸುಟ್ಟ ನೆಲದ ಕಡೆಗೆ ಎಳೆದರು, ಮತ್ತೆ ಒತ್ತಿ ಹಿಡಿದು ನಿಂತರು. ಹೊಗೆ ಸಾಯುವವರೆಗೆ ಕದಲಲಿಲ್ಲ.

ಅಲೆಮಾರಿ ತನ್ನ ಗಂಟು ಹೆಗಲಿಗೇರಿಸಿದ. "ನನ್ನಷ್ಟು ಜೋರಾಗಿ ಬಡಿಯೋರು ಇಲ್ಲಿ ಯಾರಿದ್ದಾರೆ?" ಎಂದ.

"ಯಾರೂ ಇಲ್ಲ ಮಾರಾಯ. ಅದಕ್ಕೇ ಇಷ್ಟಾದರೂ ಕಾಡು ಉಳಿದಿದೆ," ಎಂದ ಹಿರಿಯ. "ಹೋಗೋ ಮುಂಚೆ, ಇನ್ನೂ ಹೊಗೆಯಾಡ್ತಿರೋ ಆ ಮೂಲೆ ಒಂದನ್ನ ಒತ್ತಿ ಹೋಗು."

ಅಲೆಮಾರಿ ಗಂಟು ಇಳಿಸಿ ಕೊಂಬೆ ಒತ್ತಿದ. ಹೊಗೆ ಮಣಿಕಟ್ಟಿಗೆ ಸುತ್ತಿತು. ಆರಿತೇ ಎಂದು ಎತ್ತಿ ನೋಡಲು ಕೈ ತುಡಿಯಿತು. ಎತ್ತಲಿಲ್ಲ. ಓಡಲು ಕಾಲು ತುಡಿಯಿತು. ಓಡಲಿಲ್ಲ. ಹೊಗೆ ನಿಂತಾಗ ಉಳಿದವರು ಗಂಜಿಗೆ ಕೂತಾಗಿತ್ತು. ಅವನ ಗಂಟು ಅವರ ಗಂಟುಗಳ ಜೊತೆ ಗುಡಿಸಲ ಗೂಟಕ್ಕೆ ನೇತುಬಿದ್ದಿತ್ತು.

ಕತೆ ಮುಗಿಯುವುದರೊಳಗೆ ಶಿಷ್ಯ ಎದ್ದು ನಿಂತಿದ್ದ. ಮುಷ್ಟಿ ಬಿಗಿದಿತ್ತು. "ತಿಳಿಯಿತು ಗುರುಗಳೇ! ಈ ತಳಮಳವನ್ನು ಇವತ್ತೇ, ಈಗಲೇ ಹುಟ್ಟಡಗಿಸಿಬಿಡುತ್ತೇನೆ!"

ಗುರು ಹೇಳಿದರು: "ಮೊದಲು ಕೊಂಬೆ ಇಳಿಸು."