ಮೊಲದ ಎದೆಬಡಿತಕ್ಕೆ ಗಿಣಿಯ ವಿಡಿಯೋ

ಮೊಲದ ಹೃದಯ ತಾಳ ತಪ್ಪಿ ಬಡಿಯುತ್ತಿತ್ತು. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಹೃದಯದಲ್ಲಿ ತಂಟೆ ಮಾಡುವ ಜಾಗವನ್ನು ಸುಡಬೇಕು ಎಂದಿತು ವೈದ್ಯ ಮರಕುಟಿಗ. ಒಪ್ಪಬೇಕೋ ಬೇಡವೋ? ಮೊಲ ವೈದ್ಯರ ವೆಬ್‌ಸೈಟ್ ಓದಿತು, ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕೊನೆಗೆ ಆರೋಗ್ಯದ ವಿಡಿಯೋ ಮಾಡುವ ಗಿಣಿಯ ಬಳಿ ಓಡಿತು. ಗಿಣಿಗೆ ಹತ್ತು ಲಕ್ಷ ಅಭಿಮಾನಿಗಳು. ಈ ಲೆಕ್ಕ ಸುಳ್ಳಾದರೆ ಕತೆ ಹೇಳುತ್ತಿರುವ ನನ್ನ ಕಿವಿ ಹಿಂಡಿ.

“ಐದೇ ನಿಮಿಷ! ನೋವೇ ಇಲ್ಲ! ಮಧ್ಯಾಹ್ನವೇ ಓಟದ ಪಂದ್ಯಕ್ಕೆ ಹೋಗು!” ಎಂದಿತು ಗಿಣಿ.

“ಆಮೇಲೆ ಎಷ್ಟು ದಿನ ನೆಗೆಯಬಾರದು ಗಿಣಿಯಮ್ಮ?”

“ಅದನ್ನೆಲ್ಲ ಯಾರೂ ಕೇಳಲ್ಲ ಕಣೋ. ಮೊದಲು ಲೈಕ್ ಒತ್ತು.”

ಮೊಲ ತಿರುಗಿ ವೈದ್ಯರ ಬಳಿಗೇ ಹೋಯಿತು. “ಸ್ವಾಮಿ, ನೀವು ಬರೆದದ್ದು ಅರ್ಥವಾಗಲಿಲ್ಲ. ಗಿಣಿ ಹೇಳಿದ್ದು ಪೂರ್ತಿ ಅರ್ಥವಾಯಿತು, ಅದಕ್ಕೇ ಹೆದರಿಕೆ.”

ಮರಕುಟಿಗ ಕೊಕ್ಕು ತುರಿಸಿಕೊಂಡಿತು. “ಬೇರೆ ಮರಕುಟಿಗಗಳು ಮೆಚ್ಚಲಿ ಅಂತ ಬರೆದದ್ದಪ್ಪ ಅದು. ಈಗ ಕೇಳು. ಕೆಲವು ಗಂಟೆ ತೊಡೆ ಅಲುಗಿಸದೆ ಮಲಗಬೇಕು. ವಾರವಿಡೀ ನೆಗೆತ ಬಂದ್. ತೊಡೆ ನೀಲಿಗಟ್ಟಬಹುದು. ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗುವುದುಂಟು. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ.”

“ಅಬ್ಬಾ, ಎಷ್ಟೊಂದು ಕೆಟ್ಟ ಸುದ್ದಿ!” ಮೊಲ ನಿರಾಳವಾಗಿ ಉಸಿರುಬಿಟ್ಟಿತು. “ಈಗ ಧೈರ್ಯ ಬಂತು. ಒಪ್ಪಿಗೆ ಪತ್ರ ಕೊಡಿ, ಸಹಿ ಹಾಕುತ್ತೇನೆ.”